ಟೋಪಿ, ಚೊಂಬು, ಫೋರ್‌ಟ್ವೆಂಟಿ



ಯಾರಾದರೂ ಮೋಸ ಹೋದರೆಂದರೆ ಸಾಕು, ಕನ್ನಡಕ್ಕೆ ಎಲ್ಲಿಲ್ಲದ ಹುರುಪು ಬರುತ್ತದೆ. ಟೋಪಿ ಹಾಕಿದರು ಎನ್ನುತ್ತೇವೆ. ಮೊತ್ತ ದೊಡ್ಡದಾಗಿದ್ದರೆ ಅದು ಮಕಮಲ್ ಟೋಪಿ. ಪಂಗನಾಮ ಹಾಕಿದರು. ಕೈಗೆ ಚೊಂಬು ಕೊಟ್ಟರು, ಚೊಂಬಿಗೂ ಗತಿಯಿಲ್ಲದಿದ್ದರೆ ಚಿಪ್ಪು. ಕಿವಿ ಮೇಲೆ ಹೂವಿಟ್ಟರು. ಮಂಕುಬೂದಿ ಎರಚಿದರು, ತಲೆ ಬೋಳಿಸಿದರು, ಯಾಮಾರಿಸಿದರು, ಕುರಿ ಮಾಡಿದರು. ಶಿವಮೊಗ್ಗದ ಗಾಂಧಿ ಬಜಾರಿನ ಕಡೆಯವರಾದರೆ ಬಕರಾ ಮಾಡಿದರು. ಪತ್ರಿಕೆಯವರಿಗಂತೂ ಕಳ್ಳ ಸುಮ್ಮನೆ ಓಡಿಹೋದರೆ ಸಮಾಧಾನವಿಲ್ಲ. ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿಯೇ ಓಡಬೇಕು. ಇವತ್ತು ಹಾಗೆ ಬರೆಯುವವರಲ್ಲಿ ಆ ಲೋಳೆಹಣ್ಣನ್ನು ಕೈಯಲ್ಲಿ ಹಿಚುಕಿ, ಹರಿದ ಪುಸ್ತಕಕ್ಕೆ ಅಂಟು ಹಚ್ಚಿದವರು ಎಷ್ಟು ಜನ ಇದ್ದಾರೋ.

ಈ ಮಾತುಗಳನ್ನು ಸಾಲಾಗಿ ಇಟ್ಟು ನೋಡಿ. ಟೋಪಿ ಯಾರ ತಲೆಯ ಮೇಲಿದೆ? ನಾಮ ಯಾರ ಹಣೆಯಲ್ಲಿದೆ? ಹೂವು ಯಾರ ಕಿವಿಯಲ್ಲಿದೆ? ಎಲ್ಲವೂ ಮೋಸ ಹೋದವನ ಮೈಮೇಲೆಯೇ. ಮೋಸ ಮಾಡಿದವನ ಮೈಮೇಲೆ ಒಂದು ಗುರುತೂ ಇಲ್ಲ. ಅವನು ಅಷ್ಟು ಹೊತ್ತಿಗೆ ಬಸ್ಸು ಹತ್ತಿ ಆಗಿದೆ. ವೇಷ ಹಾಕಿಸಿಕೊಂಡು ಬೀದಿಯಲ್ಲಿ ನಿಂತವನು ಕಳಕೊಂಡವನು. ನಗುವವರಿಗೆ ಸಿಕ್ಕುವವನೂ ಅವನೇ. 2023ರ ಫೆಬ್ರುವರಿಯಲ್ಲಿ, ಬಜೆಟ್ ಮಂಡನೆಯ ದಿನ, ವಿರೋಧ ಪಕ್ಷದ ಶಾಸಕರು ನಿಜವಾಗಿಯೇ ಕಿವಿಗೆ ಹೂವಿಟ್ಟುಕೊಂಡು ವಿಧಾನಸಭೆಗೆ ಬಂದರು. ಮರುವರ್ಷದ ಲೋಕಸಭೆ ಚುನಾವಣೆಯಲ್ಲಿ ಖಾಲಿ ಚೊಂಬು ಪತ್ರಿಕೆಗಳ ಜಾಹೀರಾತಾಯಿತು. ಯಾವ ಪಕ್ಷ, ಯಾರಿಗೆ ಯಾರು ಚೊಂಬು ಕೊಟ್ಟರು ಎಂಬ ಚರ್ಚೆ ಈ ಬಾನುಲಿ ಭಾಷಣದಲ್ಲಿ ಬೇಡ. ಶಾಸಕರು ಹೂವಿಟ್ಟುಕೊಂಡರೆ ಅದು ಪ್ರತಿಭಟನೆಯಾಗುತ್ತದೆ. ನೀವು, ನಾನು ಇಟ್ಟುಕೊಂಡರೆ ನಗೆಪಾಟಲು. ಅದಕ್ಕೇ ನಮ್ಮಲ್ಲಿ ದುಡ್ಡು ಕಳಕೊಂಡವರು ಹೆಂಡತಿಗೂ ಹೇಳದೆ ತಿಂಗಳುಗಟ್ಟಲೆ ನುಂಗಿಕೊಂಡಿರುತ್ತಾರೆ.

ನಾನು ಭದ್ರಾವತಿಯವನು. ಇಲ್ಲೂ ಶಿವಮೊಗ್ಗದಲ್ಲೂ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದೆ. ಶೇಕ್ಸ್‌ಪಿಯರನ ವಿಚಾರ ಕೇಳಲು ನನ್ನ ಮನೆಗೆ ಯಾರೂ ಬಂದಿಲ್ಲ. ಬರುವವರೆಲ್ಲ ಕಂಪ್ಲೇಂಟ್ ಬರೆಸಿಕೊಳ್ಳಲು ಬರುತ್ತಾರೆ. ಕನ್ನಡದಲ್ಲಿ ಬರೆದರೆ ಅರ್ಜಿ, ಇಂಗ್ಲಿಷಿನಲ್ಲಿ ಬರೆದರೆ ಕೇಸು ಎಂಬ ನಂಬಿಕೆ ಜನರಲ್ಲಿದೆ. ಟೋಪಿ, ನಾಮಗಳ ಜೊತೆಗೆ ಬೇರೆಯದೇ ಒಂದು ಮಾತಿನ ಕಟ್ಟು ಹೀಗೆ ನಮ್ಮ ಬಾಯಿಗೆ ಬಂದಿದೆ: ಚೀಟಿಂಗ್, ಫ್ರಾಡ್, ಬೋಗಸ್, ಡೂಪ್ಲಿಕೇಟ್, ಪಾರ್ಶಿಯಾಲಿಟಿ, ಈಚೆಗೆ ಸ್ಕ್ಯಾಮ್. ಇವುಗಳನ್ನು ಹೇಳುವಾಗ ಯಾರೂ ನಗುವುದಿಲ್ಲ. ದನಿ ಗಟ್ಟಿಯಾಗುತ್ತದೆ. ಬೆನ್ನ ಹಿಂದೆ ಪೊಲೀಸ್ ಠಾಣೆಯೊಂದು ನಿಂತಂತೆ ಇರುತ್ತದೆ.

ಚೀಟ್ ಎಂಬ ಮಾತಿನ ಹುಟ್ಟು ಸ್ವಾರಸ್ಯದ್ದು. ನಡುಗಾಲದ ಇಂಗ್ಲೆಂಡಿನಲ್ಲಿ ವಾರಸುದಾರರಿಲ್ಲದೆ ಸತ್ತವರ ಜಮೀನು ಒಡೆಯನಿಗೆ ಹಿಂತಿರುಗಬೇಕೆಂಬ ಕಾನೂನಿತ್ತು; ಅದರ ಹೆಸರು ಎಸ್‌ಚೀಟ್. ಅಂಥ ಜಮೀನನ್ನು ವಶಕ್ಕೆ ತೆಗೆದುಕೊಳ್ಳಲು ನೇಮಕವಾದ ಅಧಿಕಾರಿಗಳು ವಾರಸುದಾರರು ಇದ್ದಾಗಲೂ ಇಲ್ಲವೆಂದು ಬರೆದು ಕಬಳಿಸುತ್ತ ಬಂದರು. ಜನರ ಬಾಯಲ್ಲಿ ಆ ಕಾನೂನಿನ ಹೆಸರೇ ಮೋಸದ ಹೆಸರಾಯಿತು. ಅಂದರೆ ಚೀಟರ್ ಎಂದರೆ ಮೊದಲಿಗೆ ಸಂತೆಯ ಜೇಬುಗಳ್ಳನಲ್ಲ, ಕಚೇರಿಯಲ್ಲಿ ಕೂತ ಸರ್ಕಾರಿ ನೌಕರ. ಇನ್ನು ಕಾನ್ ಎಂಬುದು ಕಾನ್ಫಿಡೆನ್ಸ್‌ನ ಮೊಟಕು ರೂಪ. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಮ್ಸನ್ ಎಂಬಾತ ಬೀದಿಯಲ್ಲಿ ಹೋಗುತ್ತಿದ್ದ ಸಿರಿವಂತರನ್ನು ಹಳೆಯ ಪರಿಚಯದವನಂತೆ ಮಾತಾಡಿಸಿ, ನಾಳೆಯವರೆಗೆ ನಿಮ್ಮ ಗಡಿಯಾರವನ್ನು ನನ್ನ ಕೈಲಿ ಬಿಡುವಷ್ಟು ನಂಬಿಕೆ ನಿಮಗಿದೆಯೇ ಎಂದು ಕೇಳುತ್ತಿದ್ದನಂತೆ. ಕೊಟ್ಟವರಿದ್ದರು! ಪತ್ರಿಕೆಗಳು ಅವನನ್ನು ಕಾನ್ಫಿಡೆನ್ಸ್ ಮ್ಯಾನ್ ಎಂದು ಕರೆದವು. ಗಮನಿಸಿ, ಎರಡು ಮಾತೂ ಮೋಸ ಮಾಡಿದವನನ್ನು ಬೆರಳಿಟ್ಟು ತೋರಿಸುತ್ತವೆ. ಹಾಗೆಂದು ಇಂಗ್ಲಿಷೇನೂ ಸಭ್ಯ ಭಾಷೆಯಲ್ಲ. ಅಲೆಮಾರಿ ಜಿಪ್ಸಿಗಳ ಹೆಸರನ್ನೇ ಮುರಿದು ಮೋಸಕ್ಕೆ ಒಂದು ಕ್ರಿಯಾಪದ ಮಾಡಿಕೊಂಡಿದೆ. ಥಗ್ ಮತ್ತು ಲೂಟ್ ಎಂಬ ಎರಡು ಮಾತನ್ನು ನಮ್ಮ ದೇಶದಿಂದಲೇ ಒಯ್ದಿದೆ. ಎರಡನೆಯದನ್ನು ಒಯ್ದವರಿಗೆ ಆ ಕಸುಬಿನ ಪರಿಚಯ ಚೆನ್ನಾಗಿಯೇ ಇತ್ತು.

ನಮ್ಮೂರುಗಳಲ್ಲಿ ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟದ್ದು ಒಂದು ಸಂಖ್ಯೆ. ‘ಅವನಾ? ಪಕ್ಕಾ ಫೋರ್‌ಟ್ವೆಂಟಿ.’ ಶಾಲೆಯ ಮೆಟ್ಟಿಲು ಹತ್ತದವರೂ ಹೇಳುತ್ತಾರೆ. 1860ರ ಭಾರತೀಯ ದಂಡ ಸಂಹಿತೆಯ 420ನೇ ಕಲಮು ಅದು. 1955ರ ರಾಜ್ ಕಪೂರ್ ಸಿನಿಮಾ ಅದನ್ನು ಮನೆಮನೆಗೆ ಮುಟ್ಟಿಸಿತು. 2024ರ ಜುಲೈ 1ರಿಂದ ಆ ಸಂಹಿತೆಯೇ ಇಲ್ಲ. ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೊಸ ಲೆಕ್ಕದಲ್ಲಿ ವಂಚನೆ 318ನೇ ಕಲಮಿಗೆ ಬರುತ್ತದೆ. ‘ಅವನೊಬ್ಬ ಥ್ರೀ ಎಯ್ಟೀನ್’ ಎಂದು ಬೈಯುವ ಮಗು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಕಾನೂನಿನ ಚೀಟಿಂಗಿಗೂ ನಮ್ಮ ಬಾಯಿಯ ಚೀಟಿಂಗಿಗೂ ಒಂದು ದೊಡ್ಡ ಅಂತರವಿದೆ. ಕೈಸಾಲ ಪಡೆದವನು ತೀರಿಸಲಿಲ್ಲ ಎಂದರೆ ನಮಗೆ ಅದು ಚೀಟಿಂಗ್. ಠಾಣೆಯಲ್ಲಿ ಅಲ್ಲ. ದುಡ್ಡು ಈಸಿಕೊಳ್ಳುವ ಹೊತ್ತಿಗೇ ಮುಳುಗಿಸುವ ಉದ್ದೇಶ ಅವನಿಗೆ ಇತ್ತೇ ಎಂಬುದು ಅಲ್ಲಿಯ ಪ್ರಶ್ನೆ. ಆಗ ಒಳ್ಳೆಯ ಮನಸ್ಸಿದ್ದು ಆಮೇಲೆ ಕೈ ಎತ್ತಿದರೆ ಅದು ಸಿವಿಲ್ ವ್ಯಾಜ್ಯ. ನಂಬಿ ಇಡಲು ಕೊಟ್ಟದ್ದನ್ನು ನುಂಗಿದರೆ ಅದು ನಂಬಿಕೆ ದ್ರೋಹ, ಬೇರೆಯೇ ಕಲಮು. 2014ರಲ್ಲಿ ಶಿವಮೊಗ್ಗದ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ನಗರ ಶಾಖೆಯ ನಕಲಿ ಬಂಗಾರದ ಹಗರಣ ಹೊರಬಿತ್ತಲ್ಲ, ಒರೆಗಲ್ಲಿಗೆ ನಿಲ್ಲದ ಒಡವೆಯ ಮೇಲೆ ಕೋಟಿಗಟ್ಟಲೆ ಸಾಲ ಹೋದದ್ದು, ಅಂಥಲ್ಲಿ ಎಲ್ಲ ಕಲಮುಗಳೂ ಒಟ್ಟಿಗೆ ಬರುತ್ತವೆ. ನಮ್ಮ ನಿಮ್ಮ ಸಣ್ಣ ಪ್ರಕರಣಗಳಲ್ಲಿ ಹಾಗಲ್ಲ. ಪೇದೆಯೊಬ್ಬರು ‘ಇದು ನಮಗೆ ಬರಲ್ಲ, ಸಿವಿಲ್’ ಎಂದು ಕಳಿಸಿದರೆ ಅವರೂ ಆ ಕಡೆ ಸೇರಿಕೊಂಡಿದ್ದಾರೆ ಎಂದು ಜನ ಶಪಿಸುತ್ತಾರೆ. ಒಮ್ಮೊಮ್ಮೆ ಸೇರಿಕೊಂಡಿರಲೂಬಹುದು. ಆದರೆ ಎಷ್ಟೋ ಸಲ ಅವರು ಹೇಳಿದ್ದೇ ಸರಿ.

ನಮ್ಮ ಹಿಂದಿನ ಬೀದಿಯ ಹೆಣ್ಣುಮಗಳೊಬ್ಬಳ ಸಂಗತಿ ಹೇಳುತ್ತೇನೆ. ಮನೆಯಲ್ಲೇ ರವಿಕೆ ಹೊಲಿದು ಸಂಸಾರ ತೂಗಿಸುವವಳು. ಹಬ್ಬದ ಆಫರಿನಲ್ಲಿ ಮೋಟರಿನ ಹೊಲಿಗೆ ಯಂತ್ರವೊಂದನ್ನು ಕೊಂಡಿದ್ದಳು. ಒಂದು ಸಂಜೆ ಗಂಡನನ್ನು ಕರೆದುಕೊಂಡು ಬಂದಳು.

‘ಸಾರ್, ಅಂಗಡಿಯೋರು ಟೋಪಿ ಹಾಕ್‌ಬಿಟ್ರು. ಇಂಗ್ಲಿಷಲ್ಲಿ ಗಟ್ಟಿಯಾಗಿ ಒಂದು ಬರ್ಕೊಡಿ.’

‘ಏನಾಯ್ತಮ್ಮ?’

‘ಅನ್ಯಾಯ ಸಾರ್. ಬಡವರು ಅಂದ್ರೆ ಹಿಂಗೇ ಮಾಡೋದು.’

ಗಂಡ ಬಾಗಿಲಲ್ಲೇ ನಿಂತು ನಗುತ್ತಿದ್ದ. ‘ಮೂರು ನಾಮ ಹಾಕಿಸ್ಕೊಂಡು ಬಂದ್ಲು. ನಾನ್ ಬ್ಯಾಡ ಅಂತ ಬಡ್ಕೊಂಡೆ ಸಾರ್.’

ಅವಳ ಕಣ್ಣಲ್ಲಿ ನೀರು ಬಂತು. ಅಂಗಡಿಯವನ ಮಾತಿಗೆ ಬಂದದ್ದಲ್ಲ ಅದು.

ಕಾಗದ ಏನಿದೆ ತೋರಿಸು ಎಂದೆ. ಪರ್ಸಿನಿಂದ ನಾಲ್ಕು ಮಡಿಕೆಯ ಒಂದು ಗುಲಾಬಿ ಚೀಟಿ ತೆಗೆದಳು, ಕಾರ್ಬನ್ ಪ್ರತಿ. ನೆತ್ತಿಯ ಮೇಲೆ ‘ಎಸ್ಟಿಮೇಟ್’ ಎಂದು ಅಚ್ಚಾಗಿತ್ತು. ಯಂತ್ರದ ಹೆಸರು ಅರ್ಧ, ಸೀರಿಯಲ್ ನಂಬರ್ ಇಲ್ಲ, ಜಿ.ಎಸ್.ಟಿ. ನಂಬರ್ ಇಲ್ಲ, 19,500 ಎಂಬ ಅಂಕಿಯ ಕೆಳಗೆ ಎರಡು ಗೆರೆ. ಎಲ್ಲಕ್ಕೂ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ ಎಂಬ ಇಂಗ್ಲಿಷ್ ಸಾಲು. ಹತ್ತೇ ದಿನದಲ್ಲಿ ಹೊಲಿಗೆ ಬಿಟ್ಟು ಬಿಟ್ಟು ಬೀಳಲು ಶುರುವಾಯಿತಂತೆ. ಅಂಗಡಿಯವರು ಕಂಪನಿಯವರನ್ನು ಕೇಳಿ ಎಂದರು. ಕಂಪನಿಯ ಸರ್ವಿಸ್ ಹುಡುಗ ಬಂದು, ಮುಚ್ಚಳ ಬಿಚ್ಚಿ, ‘ಫಿಸಿಕಲ್ ಡ್ಯಾಮೇಜ್, ವಾರಂಟಿ ಬರಲ್ಲ’ ಎಂದು ಹೇಳಿ, ಬಂದದ್ದಕ್ಕೆ ವಿಸಿಟಿಂಗ್ ಚಾರ್ಜ್ ಬೇರೆ ತೆಗೆದುಕೊಂಡು ಹೋದ. ಫಿಸಿಕಲ್ ಡ್ಯಾಮೇಜ್ ಎಂದರೇನು, ಎಲ್ಲಿ ಆಗಿದೆ, ಯಾರಿಂದ ಆಯಿತು ಎಂದು ಇವಳು ಕೇಳಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಕೇಳುವುದೇನಿದೆ?

ಮೋಸವನ್ನು ಹೇಳುವ ಇಂಗ್ಲಿಷ್ ಮಾತುಗಳಿಗಿಂತ ಮೋಸ ಮಾಡಲು ಬಳಕೆಯಾಗುವ ಇಂಗ್ಲಿಷ್ ಮಾತುಗಳೇ ನಮ್ಮಲ್ಲಿ ಹೆಚ್ಚು ಎಂಬುದು ನನ್ನ ಅನಿಸಿಕೆ. ಪ್ರೊಸೆಸಿಂಗ್ ಫೀ, ನಾನ್ ರಿಫಂಡಬಲ್, ಸರ್ವರ್ ಡೌನ್, ಸಿಸ್ಟಮ್ ತಗೊಳ್ತಾ ಇಲ್ಲ. ಕೇಳಿದವನು ತಲೆ ಅಲ್ಲಾಡಿಸಿ ಹಿಂದಿರುಗುತ್ತಾನೆ. ಅದಕ್ಕೆ ಉತ್ತರವಾಗಿ ಮನೆಯಲ್ಲಿ ಕೂತು ಫ್ರಾಡ್, ಚೀಟಿಂಗ್ ಎಂದು ಕೂಗಿದರೆ ಅಂಗಡಿಯವನ ಒಂದು ಕೂದಲೂ ಕೊಂಕುವುದಿಲ್ಲ.

ನಾನು ಅವಳಿಗೆ ಬರೆದುಕೊಟ್ಟದ್ದು ಕನ್ನಡದಲ್ಲೇ. ಟೋಪಿಯೂ ಇಲ್ಲ, ಅನ್ಯಾಯವೂ ಇಲ್ಲ. ಯಾವ ದಿನ ಕೊಂಡದ್ದು, ಎಷ್ಟು ಕೊಟ್ಟದ್ದು, ಯಾವ ದಿನ ಕೆಟ್ಟದ್ದು, ಯಾರು ಬಂದು ಏನು ಹೇಳಿದ್ದು, ಈಗ ಏನು ಬೇಕು. ಜೊತೆಗೆ ಕಾನೂನಿನ ಮೂರು ಸಂಗತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಿಯಾದ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಗಡುವು ಹೇಳಿರದಿದ್ದರೆ, ದೋಷವಿರುವ ಸರಕನ್ನು 30 ದಿನದೊಳಗೆ ತಂದಾಗ ವಾಪಸ್ ಪಡೆಯಲು ಒಪ್ಪದಿರುವುದೂ ಅನುಚಿತ. ಚೀಟಿಯ ಬುಡದ ಆ ಇರುವೆ ಸಾಲಿಗೆ ಅಲ್ಲಿ ಬೆಲೆಯಿಲ್ಲ. ಇನ್ನು ಮೂರನೆಯದು: ಹೊಲಿಗೆ ನಿನ್ನ ವ್ಯಾಪಾರ, ನೀನು ಗ್ರಾಹಕಳೇ ಅಲ್ಲ ಎಂದು ಅಂಗಡಿಯವರು ವಾದಿಸಬಹುದಲ್ಲ? ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ಯಂತ್ರ ವಾಣಿಜ್ಯದ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ಓದಿ ಹೇಳಿದೆ. ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. ‘ಸಾರ್, ಬೈದೇ ಇಲ್ಲವಲ್ಲ!’ ಎಂದಳು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದಾಯಿತು. ಅಂಗಡಿಯವರು ಕರೆಸಿ ಮೋಟರನ್ನೂ ಶಟಲ್ಲನ್ನೂ ಬದಲಿಸಿ ಕೊಟ್ಟರು. ದುಡ್ಡು ವಾಪಸ್ ಕೊಡಲಿಲ್ಲ, ವಿಸಿಟಿಂಗ್ ಚಾರ್ಜಂತೂ ಹೋದದ್ದೇ. ಶಿವಮೊಗ್ಗದ ಗ್ರಾಹಕರ ಆಯೋಗಕ್ಕೆ ಹೋಗೋಣವೇ ಎಂದೆ. ಮದುವೆ ಸೀಸನ್ನು ಸಾರ್, ಬ್ಲೌಸ್ ಒಪ್ಪಿಸಬೇಕು ಎಂದಳು. ಅಲ್ಲಿಗೆ ಅದು ಮುಗಿಯಿತು.

ಹೀಗೆ ಬೈಯದೆ, ಲೆಕ್ಕ, ಅಳತೆ ಹೇಳಿ ಜಗಳವಾಡುವುದನ್ನು ನಾವೇನೂ ಇಂಗ್ಲಿಷರಿಂದ ಕಲಿಯಬೇಕಾಗಿರಲಿಲ್ಲ. ಈ ಜಿಲ್ಲೆಗೆ ಅದು ಹಳೆಯ ವಿದ್ಯೆ.

1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿಕೊಂಡು ಬಂಡೆದ್ದರು. ಅದಕ್ಕೆ ಒಂದು ಮುಖ್ಯ ಕಾರಣ ಶರತ್ತು ಪದ್ಧತಿ. ಅಮಲ್ದಾರನು ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಸರ್ಕಾರಕ್ಕೆ ಶರತ್ತು ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ಕೈಯಿಂದ ತುಂಬಿಕೊಡಬೇಕು. ಹಿಂಡದೆ ಬಿಟ್ಟಾನೆಯೇ? ದಂಗೆಯನ್ನು ಅಡಗಿಸಿದರು, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ಬ್ರಿಟಿಷರು ಕಿತ್ತುಕೊಂಡರು, ಕಂದಾಯ ಮಾತ್ರ ತಪ್ಪಲಿಲ್ಲ. ಈಗ ಇದೇ ಬಾನುಲಿಯಲ್ಲಿ ಜಾಹೀರಾತಿನ ಕೊನೆಗೆ ಉಸಿರು ಬಿಡದೆ ಯಾರೋ ಓದಿ ಮುಗಿಸುತ್ತಾರಲ್ಲ, ಷರತ್ತುಗಳು ಅನ್ವಯಿಸುತ್ತವೆ ಎಂದು, ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ನಗರದ ಅಮಲ್ದಾರರ ನೆನಪಾಗುತ್ತದೆ.

ನಿಜವಾದ ಪಾಠ ಇರುವುದು ಕಾಗೋಡಿನಲ್ಲಿ. ಸಾಗರ ತಾಲ್ಲೂಕಿನ ಸಣ್ಣ ಹಳ್ಳಿ. ಅಲ್ಲಿಯ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಗದ್ದೆ ಒಡೆಯರದ್ದು, ಬೆವರು ಇವರದ್ದು. ಸುಗ್ಗಿಯಲ್ಲಿ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಬಿಟ್ಟಿ ಚಾಕರಿ ಇತ್ತು, ಪಂಚೆ ಎಷ್ಟು ಉದ್ದ ಉಡಬೇಕು ಎಂಬ ಕಟ್ಟುಪಾಡೂ ಇತ್ತು, ಅವಮಾನಗಳಿಗೆ ಲೆಕ್ಕವಿರಲಿಲ್ಲ. ಅನ್ಯಾಯ ಎಂದು ಕೂಗಲು ಬೇಕಾದಷ್ಟಿತ್ತು. ಆದರೆ ಎಚ್. ಗಣಪತಿಯಪ್ಪನವರು ಕಟ್ಟಿದ ಸಾಗರ ತಾಲ್ಲೂಕು ರೈತ ಸಂಘ ಹಿಡಿದದ್ದು ಯಾವುದನ್ನು? ಕೊಳಗವನ್ನು. ಒಡೆಯರ ಕಣದಲ್ಲಿ ಗೇಣಿ ಅಳೆಯುವ ಕೊಳಗ ಸರ್ಕಾರಿ ಅಳತೆಯದಕ್ಕಿಂತ ದೊಡ್ಡದು, ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದರು.

ಹೊರಗಿನವರಿಗೆ ಇದು ಕ್ಷುಲ್ಲಕವಾಗಿ ಕಂಡೀತು. ಲೆಕ್ಕ ಹಾಕಿ ನೋಡಿ. ಕೊಳಗಕ್ಕೆ ಕಾಲು ಸೇರು ಹೆಚ್ಚಿಗೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನೂರು ಕೊಳಗ ಗೇಣಿ ಅಳೆಯುವವನು 25 ಸೇರು ಭತ್ತವನ್ನು ಯಾವ ಲೆಕ್ಕದಲ್ಲೂ ಬರೆಯದೆ ಸುರಿದು ಬರುತ್ತಾನೆ. ಅದೂ ಕೋಲಿನಿಂದ ಬಾಯಿ ಸವರಿ ಅಳೆದರೆ. ಮೇಲೆ ಗೋಪುರ ಕಟ್ಟುವ ಹಾಗೆ ತುಂಬಿಸಿಕೊಂಡರೆ ಇನ್ನೂ ಹೋಯಿತು. ಒಡೆಯನ ಪುಸ್ತಕದಲ್ಲಿ ನೂರು ಕೊಳಗ ಎಂದೇ ಇರುತ್ತದೆ, ಸುಳ್ಳು ಒಂದಕ್ಷರವೂ ಇಲ್ಲ. ಮರದ ಪಾತ್ರೆಯ ಹೊಟ್ಟೆಯೊಳಗೆ ಅಡಗಿಸಿದ ಮೋಸ ಅದು. ಅದನ್ನು ಅನ್ಯಾಯ ಎಂದರೆ ಒಡೆಯ ಹಣೆಬರಹ ಎನ್ನುತ್ತಾನೆ. ನಿಮ್ಮ ಕೊಳಗ ದೊಡ್ಡದು ಎಂದರೆ, ಇನ್ನೊಂದು ಕೊಳಗ ತಂದು ಪಕ್ಕದಲ್ಲಿಟ್ಟು ತೋರಿಸಬೇಕಾಗುತ್ತದೆ.

ಒಡೆಯರು ಒಪ್ಪಲಿಲ್ಲ. ಗದ್ದೆಗೆ ಇಳಿಯಬೇಡಿ ಎಂದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನೇಗಿಲು ಹೊತ್ತು ಗದ್ದೆಗೆ ಇಳಿದವರನ್ನು ತಂಡ ತಂಡವಾಗಿ ಪೊಲೀಸರು ಹಿಡಿದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಮಲೆನಾಡಿನ ಒಂದು ಮರದ ಕೊಳಗದ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಮರುವರ್ಷದ ಮೊದಲ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಶಿವಮೊಗ್ಗದಲ್ಲಿ ಅವರ ಹೆಸರಿನ ಬಡಾವಣೆಯಿದೆ. ಅಲ್ಲಿ ಸೈಟಿಗೆ ಈಗ ಏನು ಬೆಲೆಯಿದೆ ಎಂದು ಕೇಳಿದರೆ ಗೌಡರು ಬಾಯಿಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರೋ ಏನೋ. ಹೋರಾಟ ತಕ್ಷಣಕ್ಕೆ ಗೆಲ್ಲಲಿಲ್ಲ. 1961ರ ಭೂಸುಧಾರಣಾ ಕಾಯ್ದೆ, ಅದಕ್ಕೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಆದ ತಿದ್ದುಪಡಿ, ಇವೆಲ್ಲ ಬಂದ ಮೇಲೆ ಗೇಣಿಯೇ ಹೋಯಿತು, ಕೊಳಗ ಅಟ್ಟ ಸೇರಿತು.

1980ರಲ್ಲಿ ಶಿವಮೊಗ್ಗದಲ್ಲೇ ಹುಟ್ಟಿದ ರಾಜ್ಯ ರೈತ ಸಂಘವೂ, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಅವರ ಕಾಲದ್ದು, ಲೆಕ್ಕವನ್ನೇ ತಿರುಗಿಸಿ ಕೇಳಿತು. ಬೆಳೆಗೆ ನ್ಯಾಯವಾದ ಬೆಲೆ ಸಿಕ್ಕಿದ್ದರೆ ರೈತನ ಸಾಲ ಎಲ್ಲಿರುತ್ತಿತ್ತು, ಬಾಕಿ ಇರುವುದು ಯಾರು ಯಾರಿಗೆ? ಒಪ್ಪಲಿ, ಬಿಡಲಿ, ಅದಕ್ಕೆ ಉತ್ತರವನ್ನು ಅಂಕಿಯಲ್ಲೇ ಕೊಡಬೇಕಾಗಿತ್ತು.

ಅಡಿಕೆ ಮಂಡಿಯ ಮೋಸದ ವಿಚಾರ ಬೇರೆ. ಅಲ್ಲಿ ತಕ್ಕಡಿಯನ್ನು ಮುಟ್ಟಬೇಕಾಗಿಯೇ ಇಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಗೆ ದರ್ಜೆಗಳು. ಸರಕಿಗೆ ಮೇಲಿನ ಧಾರಣೆ, ಗೊರಬಲಿಗೆ ಕೆಳಗಿನದು. ಮೂಟೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಮೂಗು ಮುರಿದು, ರಾಶಿಯನ್ನು ಗೊರಬಲು ಎಂದು ಕರೆದರೆ ಸಾಕು, ಬೆಳೆಗಾರನ ವರ್ಷದ ದುಡಿಮೆ ಅಲ್ಲೇ ಕರಗುತ್ತದೆ. ದಲ್ಲಾಳಿಯ ಮುಂಗಡ ಹಣವನ್ನು ಈಗಾಗಲೇ ಖರ್ಚು ಮಾಡಿಕೊಂಡವನಿಗೆ ಎದುರು ಮಾತಾಡುವ ಬಾಯಿಯಿಲ್ಲ. 1939ರಲ್ಲಿ ಮಲೆನಾಡಿನ ಬೆಳೆಗಾರರು ಮ್ಯಾಮ್ಕೋಸ್ ಸಹಕಾರ ಸಂಘ ಕಟ್ಟಿಕೊಂಡದ್ದು ಇಂಥ ಬಾಯಿ ಬರಲೆಂದು. 1966ರ ಕೃಷಿ ಮಾರುಕಟ್ಟೆ ಕಾಯ್ದೆ ಸುಮ್ಮಸುಮ್ಮನೆ ತೂಕದಲ್ಲಿ ಮುರಿದುಕೊಳ್ಳುವುದನ್ನು ತಡೆಯಿತು. ದರ್ಜೆಯ ಹೆಸರಿನಲ್ಲಿ ಮುರಿಯುವುದನ್ನು ತಡೆಯಲು ಬೆಳೆಗಾರನಿಗೇ ತನ್ನ ಅಡಿಕೆ ಗೊತ್ತಿರಬೇಕು.

ನಮ್ಮ ಭದ್ರಾವತಿಯದ್ದು ಇವೆಲ್ಲಕ್ಕಿಂತ ಕಷ್ಟದ ಪ್ರಶ್ನೆ. 1918ರಲ್ಲಿ ವಿಶ್ವೇಶ್ವರಯ್ಯನವರ ಕನಸಿನಂತೆ ಶುರುವಾಗಿ 1923ರಲ್ಲಿ ಕಬ್ಬಿಣ ಸುರಿಸಿದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಎರಡೇ ಈ ಊರಿನ ಹೊಟ್ಟೆ ತುಂಬಿಸಿದವು. ಕಾಗದ ತಯಾರಿಕೆ 2015ರ ಹೊತ್ತಿಗೆ ನಿಂತಿತು. 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರವು ಆ ಕಬ್ಬಿಣದ ಕಾರ್ಖಾನೆಯನ್ನು, ಅಂದರೆ ಈಗಿನ ವಿ.ಐ.ಎಸ್.ಎಲ್. ಅನ್ನು, ಮುಚ್ಚುವ ತೀರ್ಮಾನ ತಿಳಿಸಿದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಇಲ್ಲಿಯ ಟೀ ಅಂಗಡಿಗಳಲ್ಲಿ ‘ಎಲ್ಲ ಸೇರಿ ಮೋಸ ಮಾಡಿದ್ರು’ ಎಂಬ ಮಾತು ಇವತ್ತಿಗೂ ಕೇಳುತ್ತದೆ. ಮೋಸ ಮಾಡಿದವರು ಯಾರು? ಅದಿರಿನ ಗಣಿ ಇಲ್ಲದ್ದು, ಹಳೆಯ ಯಂತ್ರ, ಹೂಡದೆ ಬಿಟ್ಟ ಬಂಡವಾಳ, ಸರ್ಕಾರಗಳ ಕೈ ಬದಲಾದದ್ದು: ಬೆರಳಿಟ್ಟು ತೋರಿಸಲು ಒಬ್ಬ ಮನುಷ್ಯ ಸಿಗುವುದಿಲ್ಲ. ಸಿಗುವುದು ಡಿಸ್‌ಇನ್ವೆಸ್ಟ್‌ಮೆಂಟ್, ವಯಬಿಲಿಟಿ, ವಿ.ಆರ್.ಎಸ್. ಮೊದಲಾದ ಮಾತುಗಳು. ಕೊನೆಯದರ ಮೊದಲ ಅಕ್ಷರ ವಾಲಂಟರಿ. ಕುಲುಮೆ ಆರಿದ ಕಾರ್ಖಾನೆಯಲ್ಲಿ ಸ್ವಯಂ ಇಚ್ಛೆಯಿಂದ ನಿವೃತ್ತಿ ಕೇಳಿದ್ದೇನೆ ಎಂದು ರುಜು ಹಾಕುವವನ ಇಚ್ಛೆ ಎಂಥದ್ದು ಎಂದು ಫಾರಂನಲ್ಲಿ ಯಾವ ಕಾಲಮ್ಮೂ ಕೇಳುವುದಿಲ್ಲ.

ಇದು ನ್ಯಾಯ ಸಂಹಿತೆಯ ವಂಚನೆಯಲ್ಲ, ಗ್ರಾಹಕ ಕಾಯ್ದೆಯ ನ್ಯೂನತೆಯೂ ಅಲ್ಲ. ಅನ್ಯಾಯ ಎಂಬ ಮಾತು ಇಲ್ಲಿ ಸಲ್ಲುತ್ತದೆ, ನಾನೇನೂ ಅದನ್ನು ಅಲ್ಲಗಳೆಯುವವನಲ್ಲ. ಆದರೆ ಹಳೆಯ ಕಾರ್ಮಿಕ ಮುಖಂಡರು ಕಚೇರಿಗೆ ಹೋಗುವಾಗ ಆ ಮಾತನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದರು. ಸರ್ವಿಸ್ ಎಷ್ಟು ವರ್ಷ, ಗ್ರಾಚ್ಯುಟಿ ಎಷ್ಟು, ಪಿ.ಎಫ್. ಯಾವ ತಿಂಗಳಿಂದ ಕಟ್ಟಿಲ್ಲ, ಗುತ್ತಿಗೆದಾರ ಬದಲಾದಾಗ ಹಳಬನ ಸರ್ವಿಸ್ ಎಲ್ಲಿ ಹೋಯಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳುತ್ತಿತ್ತು. ಊರಿಗೆ ಆದದ್ದು ಆ ಲೆಕ್ಕದಲ್ಲಿ ತೀರುವುದಿಲ್ಲ. ಒಬ್ಬೊಬ್ಬನ ಮನೆಯ ಬಾಕಿ ಒಂದಿಷ್ಟಾದರೂ ತೀರುತ್ತದೆ.

ಕೇಳುಗರಿಗೆ ಉಪಯೋಗವಾಗುವ ಕೆಲವು ಸಂಗತಿ ಹೇಳಿ ಮುಗಿಸುತ್ತೇನೆ. ಗ್ರಾಹಕರ ಆಯೋಗಕ್ಕೆ ದೂರನ್ನು ಕನ್ನಡದಲ್ಲೇ ಕೊಡಬಹುದು, ವಕೀಲರಿಲ್ಲದೆ ನೀವೇ ಮಾತಾಡಬಹುದು. ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ತೊಂದರೆ ಆದಾಗಿನಿಂದ ಎರಡು ವರ್ಷದೊಳಗೆ ಹೋಗಬೇಕು. ಕರಾರಿನ ಷರತ್ತೇ ಅನ್ಯಾಯದ್ದು ಎಂಬ ದೂರು ಮಾತ್ರ ಜಿಲ್ಲೆಯಲ್ಲಿ ನಡೆಯುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು; ಸಣ್ಣವರಿಗೆ ಇದು ಅನನುಕೂಲ, ಬದಲಾಗಬೇಕು ಎಂದು ನನ್ನ ಅಭಿಪ್ರಾಯ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಮುದ್ರೆ ಹಾಕಿದ ಐದು ಲೀಟರಿನ ಅಳತೆ ಪಾತ್ರೆ ತರಿಸಿ ತುಂಬಿಸಿ ನೋಡಿ; ಪ್ರತಿ ಬಂಕಿನಲ್ಲೂ ಅದು ಇರಬೇಕು, ಕೇಳಿದವರಿಗೆ ತೋರಿಸಬೇಕು.

ಇನ್ನು ಫೋನಿನ ಕಳ್ಳರು. ಡಿಜಿಟಲ್ ಅರೆಸ್ಟ್ ಎಂಬ ಬಂಧನ ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಯೂನಿಫಾರಂ ಹಾಕಿಕೊಂಡು ವಿಡಿಯೊದಲ್ಲಿ ಕೂತವನು ಪಾರ್ಸೆಲ್, ನಾರ್ಕೋಟಿಕ್ಸ್, ಮನಿ ಲಾಂಡರಿಂಗ್ ಎಂದು ಇಂಗ್ಲಿಷಿನಲ್ಲಿ ಎಷ್ಟೇ ಗದರಿದರೂ ಫೋನ್ ಕತ್ತರಿಸಿ. ದುಡ್ಡು ಹೋಗಿಯೇಬಿಟ್ಟಿದ್ದರೆ ಮನೆಯವರು ಬೈದಾರು ಎಂದು ಬೆಳಗಿನವರೆಗೆ ಕಾಯಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ನೀವು ಬೇಗ ತಿಳಿಸಿದಷ್ಟೂ ಅದನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅವರು ಮುಖ್ಯವಾಗಿ ಕೇಳುವುದು ನಾಲ್ಕು ಸಂಗತಿ: ಯಾವ ಬ್ಯಾಂಕು, ಎಷ್ಟು ರೂಪಾಯಿ, ಎಷ್ಟು ಹೊತ್ತಿಗೆ, ವ್ಯವಹಾರದ ಸಂಖ್ಯೆ ಏನು. ಬ್ಯಾಂಕಿನಿಂದ ಬಂದ ಮೆಸೇಜನ್ನು ಅಳಿಸದೆ ಇಟ್ಟುಕೊಂಡರೆ ನಾಲ್ಕಕ್ಕೂ ಉತ್ತರ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.